ಟಾಮ್‌ಕ್ಯಾಟ್‌ನ 'ಸುಲಭ' ಅಳವಡಿಕೆ

ಜಾವಾದಲ್ಲಿ ಒಂದು ಜಾಲ ಅನ್ವಯ ಸಿದ್ಧಪಡಿಸಿದ್ದೀರಿ ಎಂದುಕೊಳ್ಳಿ. ಅದರ ವಾರ್ ಕಡತವನ್ನು ವೆಬ್‌ಆಪ್ಸ್ ಫೋಲ್ಡರಿಗೆ ನಕಲಿಸಿದರೆ ಸಾಕು, ಟಾಮ್‌ಕ್ಯಾಟ್ ಎಂಬ ಸರ್ವ್‌ಲೆಟ್ ಕಂಟೇನರ್ ತಾನೇ ಬಿಚ್ಚಿ ಚಾಲನೆಗೊಳಿಸುತ್ತದೆ. ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ನಕಲಿಸಿದರಾಯಿತು, ಸರ್ವರ್ ನಿಲ್ಲಿಸಬೇಕಿಲ್ಲ. ಕಲಿಯುವವರಿಗೆ ಇದು ವರವೇ. ನಿತ್ಯ ಬಳಕೆಯ ಸರ್ವರಿನಲ್ಲಿ ಮಾತ್ರ ಇದನ್ನು ನಂಬಬೇಡಿ.

ಏಕೆಂದರೆ ಪ್ರತಿ ಅನ್ವಯಕ್ಕೂ ಟಾಮ್‌ಕ್ಯಾಟ್ ಪ್ರತ್ಯೇಕ ಕ್ಲಾಸ್‌ಲೋಡರ್ ನೀಡುತ್ತದೆ. ಹಳೆಯ ಆವೃತ್ತಿ ಆರಂಭಿಸಿದ್ದ ಒಂದೇ ಒಂದು ಥ್ರೆಡ್ ನಿಲ್ಲದೆ ಉಳಿದರೂ ಅದು ತನ್ನ ಕ್ಲಾಸ್‌ಲೋಡರನ್ನು ಬಿಡುವುದಿಲ್ಲ. ಹಳೆಯ ಕ್ಲಾಸ್‌ಗಳೆಲ್ಲ ಸ್ಮೃತಿಯಲ್ಲೇ ಕೂರುತ್ತವೆ. ತೊಳೆಯದ ಪಾತ್ರೆಗೇ ಮತ್ತೆ ಮತ್ತೆ ಅಡುಗೆ ಸುರಿದಂತೆ! ಇದು ಪದೇ ಪದೇ ನಡೆದರೆ ಸರ್ವರ್ ಕುಸಿಯುತ್ತದೆ, ಅದರಲ್ಲಿರುವ ಬೇರೆ ಅನ್ವಯಗಳೂ ಜೊತೆಗೆ. ಮೊದಲು 'ಪರ್ಮ್‌ಜೆನ್' ಎಂಬ ದೋಷಸಂದೇಶವಾದರೂ ಬರುತ್ತಿತ್ತು. 2014ರಲ್ಲಿ ಜಾವಾ 8 ಅದನ್ನು ತೆಗೆದು ಮೆಟಾಸ್ಪೇಸ್ ತಂದಿತು. ಮಿತಿ ಹಾಕದಿದ್ದರೆ ಇದು ಯಂತ್ರದ ಸ್ಮೃತಿಯನ್ನೇ ನುಂಗುತ್ತ ಹೋಗುತ್ತದೆ. ರೋಗ ವಾಸಿಯಾಗಲಿಲ್ಲ, ಲಕ್ಷಣ ತಡವಾಗಿ ಕಾಣುತ್ತದೆ ಅಷ್ಟೆ.

ಟಾಮ್‌ಕ್ಯಾಟ್ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ, ನಿಜ (ಓದುವವರು ಯಾರು?). ಥ್ರೆಡ್ ನಿಲ್ಲಿಸುವ ಹೊಣೆ ನಿಮ್ಮದೇ. ಕಾಂಟೆಕ್ಸ್ಟ್‌ಡೆಸ್ಟ್ರಾಯ್ಡ್ ಮೆಥಡ್‌ನಲ್ಲಿ ಅದನ್ನು ಮಾಡಿ. ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಆಟೋಡಿಪ್ಲಾಯ್ ಗುಣವನ್ನು 'ಫಾಲ್ಸ್' ಎಂದಿರಿಸಿ, ಹೊಸ ಆವೃತ್ತಿ ಹಾಕುವಾಗ ಟಾಮ್‌ಕ್ಯಾಟನ್ನೇ ನಿಲ್ಲಿಸಿ ಮತ್ತೆ ಆರಂಭಿಸಿ. ಡಾಕರ್ ಕಂಟೇನರ್‌ಗಳಲ್ಲಿ ಪ್ರತಿ ಹೊಸ ಆವೃತ್ತಿಗೂ ನಡೆಯುವುದು ಇದೇ.