ಒಂದೇ ಗುಡ್ಡದ ಹತ್ತಾರು ಹಂಬಲಗಳು

ಪೆರ್ಡೂರಿನಿಂದ ಹೊರಟು ಹಿರಿಯಡ್ಕ, ಪರ್ಕಳ ದಾಟಿದರೆ ಮಣಿಪಾಲದ ಗುಡ್ಡ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದದ್ದು ಇಲ್ಲೇ. ಈಗ ದೇಶವಿದೇಶದ ಮಕ್ಕಳು ಓದಲು ಬರುವ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಟ್ಟಡಗಳಲ್ಲ, ಮೇಷ್ಟ್ರುಗಳ ಆಸಕ್ತಿಯ ಹರವು.

ಕೆ.ಪಿ. ರಾವ್ ಅವರನ್ನೇ ನೋಡಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಅಚ್ಚಿನ ಲೋಕ ಕಂಡು, ಮಣಿಪಾಲದಲ್ಲಿ ಪಾಠ ಹೇಳಿದವರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಅವರು ರೂಪಿಸಿದ ಕೀಲಿಮಣೆಯಲ್ಲಿ ಕೆ ಒತ್ತಿದರೆ ‘ಕ’, ಹಿಂದೆಯೇ ಐ ಒತ್ತಿದರೆ ‘ಕಿ’. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ. ನಾಲಗೆ ನುಡಿದ ಕ್ರಮದಲ್ಲೇ ಬೆರಳೂ ಓಡುತ್ತದೆ. ಕನ್ನಡ ಬರೆಯುವ ‘ನುಡಿ’ ತಂತ್ರಾಂಶಕ್ಕೂ ಕೀಲಿಗಳ ಇದೇ ಜೋಡಣೆ ಆಧಾರ. ವ್ಯಾಕರಣ, ಲಿಪಿ, ಯಂತ್ರ ಮೂರನ್ನೂ ಪ್ರೀತಿಸಿದವರಿಗಷ್ಟೇ ಇದು ಹೊಳೆದೀತು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರಿಗೆ ಎಂಥ ಗುರುಕಾಣಿಕೆ!

ಅದೇ ಗುಡ್ಡದ ಮೇಲೆ ವೈರಾಣು ತಜ್ಞರೂ ಇದ್ದಾರೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಿಂದ ಬಂದ ಮಾದರಿಯಲ್ಲಿ ನಿಫಾ ವೈರಾಣುವನ್ನು ಮೊದಲು ಗುರುತಿಸಿದ್ದು ಆಗ ಇಲ್ಲಿದ್ದ ಡಾ. ಜಿ. ಅರುಣ್‌ಕುಮಾರ್ ಅವರ ತಂಡ. ಕಾಯಿಲೆ ಯಾವುದೆಂದು ಬೇಗ ತಿಳಿದದ್ದರಿಂದಲೇ ಸೋಂಕಿತರನ್ನು ಪ್ರತ್ಯೇಕಿಸಲು ದಾರಿಯಾಯಿತು. ಆಗುಂಬೆ ಘಾಟಿಯ ಆಚೆ ಮಲೆನಾಡನ್ನು ಕಾಡುವ ಮಂಗನ ಕಾಯಿಲೆಯೂ ಆ ತಂಡದ ಅಧ್ಯಯನದ ವಸ್ತುವಾಗಿತ್ತು.

ಇವರ ನೆರೆಯಲ್ಲೇ ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಬೆಳಕನ್ನು ಅಳೆಯುತ್ತಾರೆ, ಮಾನವಿಕ ಕೇಂದ್ರದವರು ತತ್ತ್ವಶಾಸ್ತ್ರ, ಸಾಹಿತ್ಯ ಓದಿಸುತ್ತಾರೆ.