ಊರಿಲ್ಲದ ಸಾಮೆ

ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ ನಡೆಸುವ ಸಾವಯವ ಮತ್ತು ಸಿರಿಧಾನ್ಯ ಮೇಳಕ್ಕೆ ಜನ ಸೇರುತ್ತಾರೆ, ತಿನ್ನುತ್ತಾರೆ, ಕೊಳ್ಳುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಹಾರಕ, ಕೊರಲೆಗಳ ಹೆಸರು ಪೇಟೆಯವರ ಬಾಯಲ್ಲೂ ಸಲೀಸಾಗಿ ಬರುತ್ತಿದೆ. ಪ್ರಚಾರವಾಗಿ ಮೇಳ ಗೆದ್ದಿದೆ. ಪಾಠವಾಗಿ ಅರ್ಧಕ್ಕೇ ನಿಂತಿದೆ.

ಏಕೆಂದರೆ ಅಲ್ಲಿ ಕಿವಿಗೆ ಬೀಳುವುದು ಬಹುಪಾಲು ಸಕ್ಕರೆ ಕಾಯಿಲೆ, ತೂಕ, ನಾರಿನಂಶದ ಮಾತು. ಗಿರಾಕಿಯನ್ನು ರೋಗಿಯೆಂದೇ ಎಣಿಸಿದರೆ ಅವನು ಗುಣವನ್ನಷ್ಟೇ ಕೇಳುತ್ತಾನೆ, ಬೆಳೆದ ಹೊಲವನ್ನು ಕೇಳುವುದಿಲ್ಲ. ಹೋಗಲಿ, ಆ ಗುಣದ ಪಾಠವಾದರೂ ಪೂರ್ತಿಯಾಗಿದೆಯೇ? ಸಾಮೆ, ನವಣೆಗಳಿಗೆ ಗಟ್ಟಿ ಸಿಪ್ಪೆಯಿದೆ. ಗಿರಣಿಯಲ್ಲಿ ಸಿಪ್ಪೆಯ ಜೊತೆ ತೌಡನ್ನೂ ಉಜ್ಜಿ ತೆಗೆದರೆ ಅಕ್ಕಿ ಬೆಳ್ಳಗೆ ಹೊಳೆಯುತ್ತದೆ, ಹೆಚ್ಚು ದಿನ ಕೆಡದೆ ಇರುತ್ತದೆ. ತೌಡು ಉಳಿದದ್ದು ಮಾಸಲು ಬಣ್ಣ. ಅದರ ಎಣ್ಣೆಯಂಶ ಬೇಗ ಕಮಟುತ್ತದೆ. ನಾರಿನ ಆಸೆಗೆ ಬಂದವರು ಬೆಳ್ಳಗಿರುವುದನ್ನೇ ಆರಿಸಿಕೊಂಡು ಹೋಗುತ್ತಾರೆ. ಎರಡು ಬಟ್ಟಲಲ್ಲಿ ಎರಡನ್ನೂ ಇಟ್ಟು ತೋರಿಸಿದ್ದರೆ ಭಾಷಣವೇ ಬೇಕಿರಲಿಲ್ಲ.

ರಾಗಿಗೆ ಈ ತಾಪತ್ರಯವಿಲ್ಲ. ಇಡಿಯಾಗಿ ಬೀಸಿದರಾಯಿತು, ಮಳೆಯನ್ನೇ ನಂಬಿ ಬೆಳೆಯುತ್ತದೆ, ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರದಲ್ಲೂ ಕೊಟ್ಟಿದ್ದಾರೆ. ಅಗ್ಗವಾದ್ದರಿಂದಲೇ ಇರಬೇಕು, ಆಂಡೀಸ್ ಬೆಟ್ಟಗಳ ಕಿನೋವಾಗೆ ಸಿಗುವ ಮರ್ಯಾದೆ ಅದಕ್ಕಿಲ್ಲ.

ಇನ್ನು ಬೆಳೆದ ಊರಿನ ಮಾತಿಗೆ ಬಂದರೆ, ಉಡುಪಿಯ ಮಟ್ಟುಗುಳ್ಳವನ್ನು ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಬದನೆಯನ್ನು ಕೊಳ್ಳುವವರಿಗೆ ಊರು ಗೊತ್ತು, ಮಳೆಗಾಲ ಕಳೆದ ಮೇಲೆ ಬರುತ್ತದೆಂಬುದು ಗೊತ್ತು, ತೆಳು ಸಿಪ್ಪೆಯ ಗುರುತೂ ಗೊತ್ತು. ನಕಲಿ ಕಾಯಿ ಬೆರೆಯದಿರಲೆಂದು ಬೆಳೆಗಾರರೇ ಕಾಯಿಗೆ ಚೀಟಿ ಅಂಟಿಸಿ ಮಾರಿದ್ದಾರೆ. ಅಷ್ಟು ತಿಳಿದವರನ್ನು ಮೋಸ ಮಾಡುವುದು ಕಷ್ಟ. ಸಾಮೆಯ ಪೊಟ್ಟಣದ ಮೇಲಾದರೋ ಪ್ಯಾಕ್ ಮಾಡಿದವರ ವಿಳಾಸವಿರುತ್ತದೆ. ಒಳಗಿನ ಕಾಳು ಹಾವೇರಿಯದೋ ಮಧ್ಯಪ್ರದೇಶದ ದಿಂಡೋರಿಯದೋ, ಅಂಗಡಿಯವನಿಗೂ ತಿಳಿದಿರುವುದು ಅಪರೂಪ. ದಿಂಡೋರಿಯ ರೈತನೂ ಬದುಕಬೇಕು, ಸರಿಯೇ. ಆದರೆ ‘ಸ್ಥಳೀಯ’ ಎಂಬ ಫಲಕದಡಿ ಅವನ ಕಾಳನ್ನು ಮಾರಬೇಕೇ?

ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿರುವ ಕೃಷಿ ಇಲಾಖೆಗೆ ಯಾವ ತಾಲ್ಲೂಕಿನಲ್ಲಿ ಏನು ಬೆಳೆದಿದೆ ಎಂದು ಹೊಸದಾಗಿ ಹೇಳಬೇಕಿಲ್ಲ. ಮೇಳದ ಮಳಿಗೆ ಹಂಚುವಾಗ, ಬೆಳೆದ ತಾಲ್ಲೂಕು ಮತ್ತು ಕೊಯ್ಲಿನ ತಿಂಗಳು ಪೊಟ್ಟಣದ ಮೇಲಿರಲೇಬೇಕೆಂದು ಅದು ಷರತ್ತು ಹಾಕಬಹುದು. ಕೆಲವು ಮಳಿಗೆಗಳು ಖಾಲಿ ಉಳಿದಾವು, ಉಳಿಯಲಿ.