ಡೋಪಮಿನ್ನಿನ ಕಾರಣಿಕ

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿ, ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾರೆ. ರೈತರಿಗೆ ಅದರಲ್ಲಿ ಮಳೆ ಕೇಳಿಸುತ್ತದೆ, ರಾಜಕಾರಣಿಗೆ ಕುರ್ಚಿ. ಮನೋವೈದ್ಯಕೀಯದ ಸುತ್ತಲೂ ಈಗ ಅಂಥದೊಂದು ಸಾಲು ಓಡಾಡುತ್ತಿದೆ: ತಲೆಗೆ ಕಾಂತದ ಸ್ಪಂದನ ಕೊಟ್ಟರೆ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಏರುತ್ತದೆ, ಖಿನ್ನತೆ ಇಳಿಯುತ್ತದೆ. ಟಿಎಂಎಸ್ ಎಂಬ ಈ ಚಿಕಿತ್ಸೆಯ ಬಗ್ಗೆ ನನಗೆ ಗೌರವವಿದೆ. ನನ್ನ ಜಗಳ ಆ ಸಾಲಿನ ಜೊತೆ.

ಸಾಲಿಗೆ ಬಲ ಬಂದದ್ದು 2001ರ ಮಾಂಟ್ರಿಯಲ್ ಪ್ರಯೋಗದಿಂದ. ಸ್ಟ್ರಾಫೆಲ್ಲಾ ಮತ್ತು ಸಂಗಡಿಗರು 8 ಮಂದಿ ಆರೋಗ್ಯವಂತರ ಮಿದುಳಿನ ಎಡ ಮುಂಭಾಗಕ್ಕೆ ಸೆಕೆಂಡಿಗೆ 10ರಂತೆ ಸ್ಪಂದನ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರು. ರಾಕ್ಲೋಪ್ರೈಡ್ ಎಂಬ ವಿಕಿರಣಶೀಲ ಗುರುತು ಮಿದುಳಿನ ಆಳದಲ್ಲಿರುವ ಎಡ ಕಾಡೇಟ್‌ನಲ್ಲಿ ಕಡಿಮೆ ಅಂಟಿತ್ತು. ಆ ಜಾಗವನ್ನು ಡೋಪಮಿನ್ ಹಿಡಿದಿದೆ ಎಂಬುದು ಅದರಿಂದ ಹೊರಟ ಊಹೆ. ತಲೆಯ ಮೇಲೆ ಹಿಡಿಯುವ ಸುರುಳಿಯ ಕಾಂತಕ್ಷೇತ್ರ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಮಿದುಳಿನ ತೊಗಟೆಯ ನರತಂತುಗಳು ಅಲ್ಲಿಗೆ ಸುದ್ದಿ ಒಯ್ಯುತ್ತವೆ. ಸೊಗಸಾದ ಪ್ರಯೋಗ. ಆದರೆ ಅದರಲ್ಲಿ ಖಿನ್ನತೆಯ ರೋಗಿ ಒಬ್ಬರೂ ಇರಲಿಲ್ಲ.

ಹೊಗಳುವವರು ಬಿಟ್ಟುಬಿಡುವುದು 2006ರ ಪ್ರಯೋಗವನ್ನು. ಸ್ಟ್ರಾಫೆಲ್ಲಾ ತಂಡವೇ ಪಾರ್ಕಿನ್ಸನ್ ರೋಗಿಗಳಿಗೆ ಹುಸಿ ಟಿಎಂಎಸ್ ಕೊಟ್ಟಿತು. ಆಗಲೂ ಡೋಪಮಿನ್ ಹೊಮ್ಮಿತು, ಅದೂ ಮಿದುಳಿನ ಎರಡೂ ಬದಿಯಲ್ಲಿ. ಗುಣವಾಗುವೆನೆಂಬ ನಿರೀಕ್ಷೆಗೇ ಏರುವ ರಾಸಾಯನಿಕ, ಯಂತ್ರದ ಗುಣಕ್ಕೆ ಸಾಕ್ಷಿ ಹೇಗಾದೀತು?

‘ಹಾಗಾದರೆ ಎಲ್ಲ ನಂಬಿಕೆಯ ಆಟ’ ಎನ್ನುವವರನ್ನೂ ನಾನು ಒಪ್ಪಲಾರೆ. 2001ರಲ್ಲಿ ಹಿಂದಲೆಗೂ ಸ್ಪಂದನ ಕೊಟ್ಟು ಹೋಲಿಸಿದ್ದರು. ವ್ಯತ್ಯಾಸ ಕಂಡದ್ದು ಆ ಹೋಲಿಕೆಯಲ್ಲೇ. 2008ರಲ್ಲಿ ಅಮೆರಿಕದ ಎಫ್‌ಡಿಎ ಖಿನ್ನತೆಗೆ ಟಿಎಂಎಸ್ ಒಪ್ಪಿದಾಗಲೂ ಮುಂದಿದ್ದದ್ದು ಡೋಪಮಿನ್ನಿನ ಲೆಕ್ಕವಲ್ಲ, ಹುಸಿ ಸುರುಳಿಯ ಎದುರು ಅಳೆದ ರೋಗಿಗಳ ಸುಧಾರಣೆ.

ರೋಗಿಯ ಸುಧಾರಣೆಯನ್ನೇ ನೋಡುವ ಪಾಠ ನಮ್ಮ ಹತ್ತಿರದಲ್ಲೇ ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಬಾರ್ಕರ್ ಎಂಬ ವಿಜ್ಞಾನಿ ಟಿಎಂಎಸ್ ವಿಧಾನವನ್ನು ಮೊದಲು ತೋರಿಸಿದ್ದು 1985ರಲ್ಲಿ. ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳೂ ಆಗ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗ ಗುರುತಿಸಿ ಔಷಧ ಕೊಡುವುದನ್ನು ಬೆಂಗಳೂರಿನ ನಿಮ್ಹಾನ್ಸ್ ಕಲಿಸತೊಡಗಿದ್ದೂ ಅದೇ ವರ್ಷ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಹಳ್ಳಿಯ ವೈದ್ಯರ ಬಳಿ ಪೆಟ್ ಸ್ಕ್ಯಾನ್ ಇರುವುದಿಲ್ಲ. ನಿದ್ದೆ ಬಂತೇ, ಊಟ ಸೇರಿತೇ, ಹೊಲಕ್ಕೆ ಹೋದಿರಾ ಎಂದೇ ಅವರು ಕೇಳಬೇಕು. ಕೊನೆಗೆ ಉಳಿಯುವ ಅಳತೆಯೂ ಅದೇ. ಯಂತ್ರದ ಕೆಳಗೆ ಕೂರುವ ಮೊದಲು ನೀವೂ ಡೋಪಮಿನ್ ಮಾತು ಬಿಡಿ. ಹುಸಿ ಸುರುಳಿಗಿಂತ ಇದರಲ್ಲಿ ಎಷ್ಟು ಜನ ಹೆಚ್ಚು ಚೇತರಿಸಿಕೊಂಡರು ಎಂದು ಕೇಳಿ.